ಗಂಜಾಮಿನ ಕರ್ನಲ್ ಬೈಲಿ ಸ್ಮಾರಕ

ಯುದ್ಧದಲ್ಲಿ ಮಡಿದವನ ಹೆಸರನ್ನು ಕಲ್ಲಿನ ಮೇಲೆ ಉಳಿಸುವ ಪದ್ಧತಿಗೆ ಕಾವೇರಿ ತೀರದ ಮೈಸೂರು ಸೀಮೆಯಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಆದರೆ ಗೆದ್ದವನ ರಾಜಧಾನಿಯಲ್ಲಿ, ಗೆದ್ದವನ ಗೋರಿಯ ಮಗ್ಗುಲಲ್ಲಿಯೇ, ಸೋತು ಸೆರೆಯಾಗಿ ಪ್ರಾಣಬಿಟ್ಟ ಪರದೇಶದ ಸೇನಾನಿಯೊಬ್ಬನಿಗೆ ಎದ್ದು ನಿಂತ ಸ್ಮಾರಕ ಈ ಸೀಮೆಯಲ್ಲಿ ಅಪರೂಪದ್ದು. ಮೈಸೂರು ನಗರದ ಉತ್ತರ ಅಂಚಿನ ಮೇಟಗಳ್ಳಿಯಿಂದ ಈಶಾನ್ಯಕ್ಕೆ, ಒಂದು ಗಂಟೆಯೊಳಗಿನ ಪ್ರಯಾಣದ ದೂರದಲ್ಲಿರುವ ಶ್ರೀರಂಗಪಟ್ಟಣ ದ್ವೀಪದ ಪೂರ್ವ ಭಾಗಕ್ಕೆ ಗಂಜಾಂ ಎಂದು ಹೆಸರು. ಅಲ್ಲಿ ಹೈದರಾಲಿ, ಅವನ ಹೆಂಡತಿ ಫಾತಿಮಾ ಮತ್ತು ಮಗ ಟಿಪ್ಪು ಸುಲ್ತಾನ ಮೂವರೂ ಮಲಗಿರುವ ಗುಂಬಜ್ ಇದೆ. ಅದರ ಸಮೀಪದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯಲ್ಲಿದ್ದ ಕರ್ನಲ್ ವಿಲಿಯಂ ಬೈಲಿಯ ಸ್ಮಾರಕವಿದೆ. ಗುಂಬಜಿಗೆ ಬರುವ ಜನಸಂದಣಿಯ ಅಲ್ಪ ಪಾಲೂ ಈ ಸ್ಮಾರಕದ ಕಡೆ ತಿರುಗುವುದಿಲ್ಲವಾದರೂ, ಮೈಸೂರಿನ ಯುದ್ಧಗಳ ನೆನಪು ಯಾರ ಕೈಯಲ್ಲಿ ಹೇಗೆ ರೂಪ ತಳೆಯಿತು ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ದ್ವೀಪದಲ್ಲಿ ಬೇರೊಂದಿಲ್ಲ.

ಬೈಲಿ ಸ್ಕಾಟ್ಲೆಂಡಿನ ಇನ್ವರ್ನೆಸ್ ಸಮೀಪದ ಡುನೇನ್ ಮನೆತನದವನು. 1780ರಲ್ಲಿ ಹೈದರಾಲಿ ದೊಡ್ಡ ಸೈನ್ಯದೊಂದಿಗೆ ಘಟ್ಟವಿಳಿದು ಕರ್ನಾಟಿಕ್ ಎಂದು ಆಗ ಕರೆಯಲಾಗುತ್ತಿದ್ದ ತಮಿಳು ಬಯಲು ಸೀಮೆಯನ್ನು ಹೊಕ್ಕಾಗ, ಗುಂಟೂರಿನ ಕಡೆಯಲ್ಲಿದ್ದ ಬೈಲಿಗೆ ತನ್ನ ತುಕಡಿಯೊಡನೆ ದಕ್ಷಿಣಕ್ಕೆ ಬಂದು, ಕಾಂಚೀಪುರದಲ್ಲಿ ಬೀಡುಬಿಟ್ಟಿದ್ದ ಸರ್ ಹೆಕ್ಟರ್ ಮನ್ರೋನ ಸೈನ್ಯವನ್ನು ಕೂಡಿಕೊಳ್ಳುವಂತೆ ಆಜ್ಞೆಯಾಯಿತು. ಈ ಎರಡು ಪಡೆಗಳು ಸೇರದಂತೆ ತಡೆಯುವುದೇ ಹೈದರನ ಯುಕ್ತಿಯಾಗಿದ್ದುದರಿಂದ, ಅವನು ತಾನು ಮನ್ರೋನ ಮುಂದೆ ನಿಂತು ಮಗ ಟಿಪ್ಪುವನ್ನು ಬೈಲಿಯ ದಾರಿಗೆ ಅಡ್ಡ ಕಳುಹಿಸಿದನು. ಸೆಪ್ಟೆಂಬರ್ 6ರಂದು ಪೆರಂಬಾಕ್ಕಂ ಬಳಿ ನಡೆದ ಮೊದಲ ಕಾಳಗದಲ್ಲಿ ಬೈಲಿ ಹಿಮ್ಮೆಟ್ಟಲಿಲ್ಲ. ಮನ್ರೋ ಕಳುಹಿಸಿದ ಕರ್ನಲ್ ಫ್ಲೆಚರನ ತುಕಡಿಯೂ ಬಂದು ಸೇರಿದ ಮೇಲೆ ಅವನ ಬಲ ಸುಮಾರು 3,800ಕ್ಕೆ ಏರಿತು. 9ರ ರಾತ್ರಿ ಹೊರಟ ಪಡೆ, ಕಾಂಚೀಪುರಕ್ಕೆ ಕೆಲವೇ ಮೈಲಿ ಉಳಿದಿದ್ದಾಗ, ದಾರಿಯಲ್ಲಿಯೇ ಬೆಳಗಿನವರೆಗೆ ತಂಗಿದ್ದು ಅದರ ಪಾಲಿಗೆ ಮುಳುವಾಯಿತು. 10ರ ಬೆಳಗ್ಗೆ ಪೊಲ್ಲಿಲೂರು ಗ್ರಾಮದ ಬಳಿ ಟಿಪ್ಪುವಿನ ಪಡೆ ಒಂದು ಕಡೆಯಿಂದ, ಮನ್ರೋನನ್ನು ಬಿಟ್ಟು ಹಿಂದಿರುಗಿದ ಹೈದರನ ಮುಖ್ಯ ಸೈನ್ಯ ಇನ್ನೊಂದು ಕಡೆಯಿಂದ ಮುತ್ತಿಕೊಂಡವು. ಮೈಸೂರಿನವರು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಉದ್ದನೆಯ ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದ ರಾಕೆಟ್ಟುಗಳು ಮತ್ತು ಫಿರಂಗಿಗಳು ಒಟ್ಟಿಗೆ ಕೆಲಸ ಮಾಡಿದವು. ಬೈಲಿಯ ಪಡೆಯ ನಡುವೆ ನಿಂತಿದ್ದ ಮದ್ದಿನ ಬಂಡಿಗಳು ಬೆಂಕಿ ಹತ್ತಿ ಸಿಡಿದ ಮೇಲೆ ಅದಕ್ಕೆ ಉಳಿಗಾಲವಿರಲಿಲ್ಲ. ಗಾಯಗೊಂಡ ಬೈಲಿ ಶರಣಾದನು, ಫ್ಲೆಚರ್ ಸತ್ತನು, ಉಳಿದ ಯುರೋಪಿಯನ್ನರಲ್ಲಿ ಸುಮಾರು 200 ಮಂದಿ ಸೆರೆಯಾದರು. 1764ರ ಬಕ್ಸರ್ ಯುದ್ಧವನ್ನು ಗೆದ್ದು ಹೆಸರು ಮಾಡಿದ್ದ ಮನ್ರೋ, ಗುಂಡಿನ ಸದ್ದು ಕೇಳುವಷ್ಟು ಹತ್ತಿರದಲ್ಲಿದ್ದೂ ವೇಳೆಗೆ ಬರಲಿಲ್ಲ. ಭಾರದ ಫಿರಂಗಿಗಳನ್ನು ಕಾಂಚೀಪುರದ ಕೊಳಕ್ಕೆ ನೂಕಿ ಮದ್ರಾಸಿನತ್ತ ಹಿಂದೆಗೆದನು.

ಸೆರೆಯಾಳುಗಳನ್ನು ಶ್ರೀರಂಗಪಟ್ಟಣಕ್ಕೆ ತರಲಾಯಿತು. ಕೋಟೆಯ ಉತ್ತರ ಗೋಡೆಗೆ ಒತ್ತಿದಂತೆ, ನೆಲಮಟ್ಟದಿಂದ ಕೆಳಗೆ, ಇಟ್ಟಿಗೆ ಗಾರೆಯ ಕಮಾನುಗಳಿಂದ ಕಟ್ಟಿದ ನೆಲಮಾಳಿಗೆಯೊಂದಕ್ಕೆ ಇಂದಿಗೂ ಬೈಲಿಯ ಹೆಸರೇ ಇದೆ. ಅದರ ಗೋಡೆಗಳಿಂದ ಹೊರಚಾಚಿದ ಕಲ್ಲಿನ ಹಲಗೆಗಳಲ್ಲಿ ತೂತುಗಳಿದ್ದು, ಕೈದಿಗಳ ಸರಪಳಿಯನ್ನು ಅವುಗಳಿಗೆ ಬಿಗಿಯಲಾಗುತ್ತಿತ್ತೆಂದು ಹೇಳಿಕೆ ಬೆಳೆದಿದೆ. ಮೇಲಿನ ಬುರುಜಿನಿಂದ ಚಾವಣಿ ಒಡೆದುಕೊಂಡು ಬಿದ್ದ ಫಿರಂಗಿಯೊಂದು ಒಳಗೆ ಹಾಗೆಯೇ ಉಳಿದಿದೆ. ಜೇಮ್ಸ್ ಬ್ರಿಸ್ಟೋ ಮೊದಲಾದ ಕೈದಿಗಳು ಸೆರೆಯಿಂದ ಹೊರಬಂದ ಬಳಿಕ ಬರೆದ ಕಥನಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ, ಮೈಸೂರಿನ ವಿರುದ್ಧ ಅಲ್ಲಿನ ಜನಮನವನ್ನು ಕೆರಳಿಸುವುದರಲ್ಲಿ ಸಾಕಷ್ಟು ಪಾತ್ರ ವಹಿಸಿದವಾದ್ದರಿಂದ, ಅವುಗಳಲ್ಲಿ ಕಂಡ ಕಷ್ಟವನ್ನೂ ಬೆಳೆಸಿದ ಬಣ್ಣವನ್ನೂ ಬೇರ್ಪಡಿಸಿಯೇ ಓದಬೇಕಾಗುತ್ತದೆ. ಬೈಲಿ ಮಾತ್ರ ಕಥನ ಬರೆಯಲು ಉಳಿಯಲಿಲ್ಲ. 1782ರ ನವೆಂಬರ್ 13ರಂದು ಅವನು ಸೆರೆಯಲ್ಲಿಯೇ ತೀರಿಕೊಂಡನು. ಅದಾಗಿ ಒಂದು ತಿಂಗಳೂ ತುಂಬುವ ಮೊದಲು, ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ದಂಡಿನ ಪಾಳೆಯದಲ್ಲಿ ಹೈದರಾಲಿಯೂ ಸತ್ತನು. ಅವನ ದೇಹವನ್ನು ಮೊದಲು ಕೋಲಾರಕ್ಕೂ ಆಮೇಲೆ ಶ್ರೀರಂಗಪಟ್ಟಣಕ್ಕೂ ತಂದು, ಟಿಪ್ಪು ಕಟ್ಟಿಸಿದ ಗುಂಬಜಿನಲ್ಲಿ ಇರಿಸಲಾಯಿತು. ಹೀಗೆ ಸೆರೆಹಿಡಿದವನೂ ಸೆರೆಯಾದವನೂ ಬದುಕಿನಲ್ಲಿ ಎರಡು ವರ್ಷ ಎದುರಾಳಿಗಳಾಗಿದ್ದು, ಸ್ಮಾರಕಗಳಲ್ಲಿ ಎರಡು ಶತಮಾನಗಳಿಂದ ನೆರೆಯವರಾಗಿದ್ದಾರೆ.

ಆದರೆ ಗಂಜಾಮಿನಲ್ಲಿ ಬೈಲಿಯನ್ನು ಕುರಿತ ಮೊದಲ ದಾಖಲೆ ಈ ಸ್ಮಾರಕವಲ್ಲ. ಅಲ್ಲಿಂದ ಒಂದೆರಡು ಕಿಲೋಮೀಟರ್ ಪಶ್ಚಿಮಕ್ಕೆ, 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಎಂಬ ಬೇಸಿಗೆ ಅರಮನೆಯ ಪಶ್ಚಿಮ ಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧವನ್ನು ಉದ್ದಕ್ಕೂ ಚಿತ್ರಿಸಲಾಗಿದೆ. ಅದರಲ್ಲಿ ಕೆಂಪು ಅಂಗಿಯ ಕಂಪನಿ ಸೈನಿಕರು ನಾಲ್ಕೂ ಕಡೆ ಮುಖಮಾಡಿ ಚೌಕಾಕಾರವಾಗಿ ನಿಂತಿದ್ದಾರೆ, ಚೌಕದ ನಡುವೆ ಪಲ್ಲಕ್ಕಿಯೊಂದರಲ್ಲಿ ಗಾಯಾಳು ಬೈಲಿ ಕುಳಿತಿದ್ದಾನೆ, ಪಕ್ಕದಲ್ಲಿಯೇ ಮದ್ದಿನ ಬಂಡಿ ಸಿಡಿಯುತ್ತಿದೆ. ಸುತ್ತ ಮೈಸೂರಿನ ಕುದುರೆ ಪಡೆ ನುಗ್ಗಿ ಬರುತ್ತಿರುವಾಗ ಮೈಸೂರಿನ ಪಕ್ಷದಲ್ಲಿದ್ದ ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ, ಹೈದರ್ ಮತ್ತು ಟಿಪ್ಪು ಆನೆಗಳ ಮೇಲಿದ್ದಾರೆ. ದೂರ ಹತ್ತಿರಗಳ ಅಳತೆಯನ್ನು ಲೆಕ್ಕಿಸದೆ, ಸಾಲು ಸಾಲಾಗಿ ಆಕೃತಿಗಳನ್ನು ತುಂಬಿ ಬರೆದ ಈ ಚಿತ್ರ, ಕಲೆಯ ದೃಷ್ಟಿಯಿಂದ ಮೈಸೂರು ಶೈಲಿಯ ಭಿತ್ತಿಚಿತ್ರಗಳ ಸಾಲಿಗೆ ಸೇರಿದರೂ, ಉದ್ದೇಶದಲ್ಲಿ ರಾಜಕೀಯವಾದುದು: ಕಂಪನಿಯ ಸೇನೆ ಸೋಲಬಲ್ಲದು ಎಂಬುದನ್ನು ಅರಮನೆಗೆ ಬಂದ ಪ್ರತಿಯೊಬ್ಬನೂ ಕಣ್ಣಾರೆ ಕಾಣಲಿ ಎಂಬುದು ಅದರ ಆಶಯ. ಶ್ರೀರಂಗಪಟ್ಟಣ ಕಂಪನಿಯ ವಶವಾದ ಮೇಲೆ ಅದೇ ಅರಮನೆಯಲ್ಲಿ ವಾಸಮಾಡಿದ ಆರ್ಥರ್ ವೆಲ್ಲೆಸ್ಲಿಯೂ, ಮುಂದೆ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯೂ, ತಮ್ಮವರ ಸೋಲನ್ನು ಸಾರುವ ಈ ಚಿತ್ರವನ್ನು ಅಳಿಸದೆ ದುರಸ್ತಿ ಮಾಡಿಸಿದರೆಂಬುದು ಗಮನಿಸತಕ್ಕ ಸಂಗತಿ. 1799ರ ಮೇ 4ರಂದು ಕೋಟೆಯ ಬಿರುಕಿನೊಳಕ್ಕೆ ದಾಳಿಯನ್ನು ನಡೆಸಿದ ಡೇವಿಡ್ ಬೇರ್ಡ್ ಪೊಲ್ಲಿಲೂರಿನಲ್ಲಿಯೇ ಸೆರೆಯಾಗಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಇದೇ ಕೋಟೆಯಲ್ಲಿ ಬಂಧಿಯಾಗಿದ್ದವನು. ಕೊನೆಯಲ್ಲಿ ಗೆದ್ದವರಿಗೆ ಮೊದಲಿನ ಸೋಲಿನ ಚಿತ್ರ ಅವಮಾನವಾಗಿ ಕಾಣದೆ, ತೀರಿಸಿಕೊಂಡ ಹಳೆಯ ಲೆಕ್ಕವಾಗಿ ಕಂಡಿರಬೇಕು.

ಕಲ್ಲಿನ ಸ್ಮಾರಕ ಬಂದದ್ದು 1816ರಲ್ಲಿ, ಎಂದರೆ ಬೈಲಿ ಸತ್ತು 34 ವರ್ಷಗಳೂ ಟಿಪ್ಪು ಮಡಿದು 17 ವರ್ಷಗಳೂ ಕಳೆದ ಮೇಲೆ. ಅದನ್ನು ಕಟ್ಟಿಸಿದ್ದು ಸೇನೆಯೂ ಅಲ್ಲ, ಕಂಪನಿ ಸರ್ಕಾರವೂ ಅಲ್ಲ. ಬೈಲಿಯ ಸೋದರ ಸಂಬಂಧದ ಮಗ, ಬಂಗಾಳ ಸೇನೆಯ ಲೆಫ್ಟಿನೆಂಟ್ ಕರ್ನಲ್ ಜಾನ್ ಬೈಲಿ. ಈತ ಅವಧ್ ನವಾಬರ ರಾಜಧಾನಿ ಲಖನೌದಲ್ಲಿ ರೆಸಿಡೆಂಟ್, ಅಂದರೆ ದೇಶೀ ಆಸ್ಥಾನದಲ್ಲಿ ಕಂಪನಿಯ ಪರವಾಗಿ ಕುಳಿತು ವ್ಯವಹಾರ ನಡೆಸುವ ಪ್ರತಿನಿಧಿಯಾಗಿದ್ದವನು. ಅರಬ್ಬಿ ಪಾರಸಿ ಭಾಷೆಗಳ ವಿದ್ವಾಂಸ. ಅವನು ಕೂಡಿಸಿದ ಹಸ್ತಪ್ರತಿಗಳು ಈಗ ಎಡಿನ್‌ಬರ ವಿಶ್ವವಿದ್ಯಾಲಯದಲ್ಲಿವೆ. ಉತ್ತರದ ಲಖನೌದಲ್ಲಿ ಹೆಸರು ಸಂಪಾದಿಸಿದ ಅಧಿಕಾರಿಯೊಬ್ಬ, ದಕ್ಷಿಣದ ದ್ವೀಪವೊಂದರಲ್ಲಿ ತನ್ನ ಮನೆತನದ ಹಿರಿಯನ ಹೆಸರಿಗೆ ಅಂಟಿದ್ದ ಸೋಲಿನ ಕಳಂಕವನ್ನು ತೊಳೆಯಲು ಹೊರಟದ್ದು ಸ್ಮಾರಕದ ಬರಹದಲ್ಲಿಯೇ ಕಾಣುತ್ತದೆ. ಆ ಇಂಗ್ಲಿಷ್ ಬರಹ ಸೆಪ್ಟೆಂಬರ್ 6 ಮತ್ತು 9ರ ಪ್ರತಿರೋಧವನ್ನು ಉದಾತ್ತವೂ ಯಶಸ್ವಿಯೂ ಆದುದೆಂದು ಮೊದಲು ಹೊಗಳಿ, 10ರಂದು ಹೈದರ್ ಮತ್ತು ಟಿಪ್ಪು ಇಬ್ಬರ ಕೂಡುಬಲಕ್ಕೆ ಮಣಿಯಬೇಕಾಯಿತೆಂದು ಹೇಳಿ, ಕೋಟೆಯಲ್ಲಿ ಸತ್ತ ದಿನವನ್ನೂ ಕಟ್ಟಿಸಿದವನ ಹೆಸರು ಹುದ್ದೆಗಳನ್ನೂ ಕೊಟ್ಟು ಮುಗಿಯುತ್ತದೆ. ಮದ್ದಿನ ಬಂಡಿಗಳ ಮಾತಿಲ್ಲ, ಬಾರದೆ ಉಳಿದ ಮನ್ರೋನ ಮಾತಿಲ್ಲ. ಗೋಡೆಯ ಚಿತ್ರ ಒಂದು ದಿನದ ಸೋಲನ್ನು ಹಿಗ್ಗಿಸಿ ತೋರಿಸಿದರೆ, ಕಲ್ಲಿನ ಬರಹ ಅದರ ಹಿಂದಿನ ನಾಲ್ಕು ದಿನಗಳ ಧೈರ್ಯವನ್ನು ಹಿಗ್ಗಿಸುತ್ತದೆ. ಎರಡೂ ಸುಳ್ಳಲ್ಲ. ಆದರೂ ಎರಡನ್ನೂ ಒಟ್ಟಿಗೆ ಓದಿದಾಗ ಕಾಣುವ ಒಂದು ಲೋಪ ಎರಡಕ್ಕೂ ಸಮಾನವಾದುದು. ಬೈಲಿಯ ಪಡೆಯನ್ನು ಬರಹ ಬ್ರಿಟಿಷ್ ತುಕಡಿಯೆಂದು ಕರೆಯುತ್ತದೆ; ವಾಸ್ತವದಲ್ಲಿ ಅದರ ಬಹುಪಾಲು ಮದ್ರಾಸ್ ಸೀಮೆಯಲ್ಲಿ ಭರ್ತಿಯಾದ ಸಿಪಾಯಿಗಳು, ಎಂದರೆ ಕಂಪನಿಯ ಸಂಬಳಕ್ಕೆ ದುಡಿದ ಭಾರತೀಯ ಕಾಲಾಳುಗಳು. ಅವರ ಎದುರು ಕಾದಿದ ಮೈಸೂರಿನವರಾದರೋ ದರಿಯಾ ದೌಲತ್ತಿನ ಗೋಡೆಯ ಮೇಲೆ ಒಂದೇ ಅಚ್ಚಿನ ಮುಖಗಳಾಗಿ ಉಳಿದರೇ ಹೊರತು ಹೆಸರುಗಳಾಗಿ ಉಳಿಯಲಿಲ್ಲ.

ಈ ನೆಲದ ಹಳೆಯ ಸ್ಮಾರಕ ಪದ್ಧತಿಯನ್ನು ಪಕ್ಕಕ್ಕಿಟ್ಟು ನೋಡಿದಾಗ ಈ ಲೋಪದ ಅರ್ಥ ಇನ್ನಷ್ಟು ತಿಳಿಯುತ್ತದೆ. ವೀರಗಲ್ಲು ಎಂಬುದು ಕಾಳಗದಲ್ಲಿಯೋ, ತುರುಗೋಳಿನಲ್ಲಿಯೋ, ಎಂದರೆ ಊರ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋಗುವಾಗ ತಡೆದು ನಡೆಸಿದ ಹೋರಾಟದಲ್ಲಿಯೋ, ಮೃಗಗಳ ಬೇಟೆಯಲ್ಲಿಯೋ ಸತ್ತವನಿಗಾಗಿ ನಿಲ್ಲಿಸಿದ ಕಲ್ಲು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ: ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನದರಲ್ಲಿ ದೇವರ ಸನ್ನಿಧಿಯಲ್ಲಿ ಕುಳಿತ ವೀರ, ತುದಿಯಲ್ಲಿ ಸೂರ್ಯ ಚಂದ್ರರು. ಕಲ್ಲಿನ ಮೇಲೆ ಬರಹವಿದ್ದರೆ ಸತ್ತವನು ಬಹುಮಟ್ಟಿಗೆ ಊರಿನ ಗೌಡನ ಮಗನೋ, ಯಾವನೋ ಸಣ್ಣ ನಾಯಕನ ಆಳೋ ಆಗಿರುತ್ತಾನೆ; ಎಂದರೆ ಹೆಸರು ಬರೆಸಿಕೊಳ್ಳಲು ಕರ್ನಲ್ ಆಗಬೇಕಾಗಿರಲಿಲ್ಲ. ಇದಕ್ಕಿಂತ ಮುಖ್ಯವಾದುದು, ಸತ್ತವನ ಮನೆಯವರಿಗೆ ನೆತ್ತರುಕೊಡಗಿ ಎಂಬ ಹೆಸರಿನಲ್ಲಿ ಭೂಮಿಯನ್ನು ಬಿಡುವ ವಾಡಿಕೆ. ರಕ್ತಕ್ಕೆ ಪ್ರತಿಯಾಗಿ ಕೊಟ್ಟ ಈ ಭೂಮಿಯ ಮೂಲಕ ವೀರನ ನೆನಪು ಊರಿನ ಬೇಸಾಯದೊಡನೆಯೇ ಕಟ್ಟುಬೀಳುತ್ತಿತ್ತು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ನೆನಪನ್ನು ಭೂಮಿಯೊಡನೆ ಕಟ್ಟುವ ಈ ಪದ್ಧತಿಗೆ ಅತ್ಯಂತ ಪ್ರಸಿದ್ಧ ನಿದರ್ಶನ. ಸುಮಾರು ಕ್ರಿ.ಶ. 950ರ ಈ ಕಲ್ಲಿನಲ್ಲಿ ಯುದ್ಧದಿಂದ ಬದುಕಿ ಮರಳಿದ ಯೋಧನೊಬ್ಬನ ಕಥೆಯೇ ಇದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನೂ ಅವನ ಸಾಮಂತನಾದ ಗಂಗ ದೊರೆ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದಾಗ, ಚೋಳ ರಾಜಾದಿತ್ಯನ ಎದುರು ಬೂತುಗನ ಆಳು ಮಣಲೆರನು ಮೆರೆದ ಸಾಹಸಕ್ಕೆ ಮೆಚ್ಚಿ ಕೃಷ್ಣನು ಬೇಡಿದ್ದನ್ನು ಕೊಡುವೆನೆಂದನು; ಮಣಲೆರನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಬೆಳತೂರಿನ ಗುಡ್ಡದಲ್ಲಿ ಕಾಡುಹಂದಿಯೊಂದರ ಜೊತೆ ಸೆಣಸಿ ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜಿಸದೆ ಉಂಡ ಅರ್ಚಕನಿಗೆ ಆ ನಾಯಿ ಮಾಡಿದ ಪಾಪವೆಲ್ಲ ಸುತ್ತಿಕೊಳ್ಳಲಿ ಎಂಬ ಅರ್ಥದ ಶಾಪವನ್ನೂ ಕೆತ್ತಿಸಿದರು. ಮಣಲೆರನಿಗೆ ಬೂತುಗನು ಆತಕೂರು ಹನ್ನೆರಡು ಹಳ್ಳಿಗಳನ್ನೂ ಬೆಳ್ವೊಲದ ಊರೊಂದನ್ನೂ ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆಯುವ ವಿಧಿಯೊಡನೆ ಯೋಧನಿಗೆ ಸಲ್ಲುವ ದತ್ತಿಯಾಗಿ, ಕೊಟ್ಟದ್ದೂ ಅದೇ ಕಲ್ಲಿನಲ್ಲಿದೆ. ನಾಯಿಗೆ ಸಂದ ಈ ಗೌರವ ಓದುಗರನ್ನು ಸೆಳೆದಷ್ಟು, ಸ್ಮಾರಕದ ಪಾಲನೆಗೆ ಮಾಡಿದ ಗಟ್ಟಿ ಏರ್ಪಾಟು ಸೆಳೆದಿಲ್ಲ. ಇತಿಹಾಸಕಾರನಿಗೆ ಹೆಚ್ಚು ಬೆಲೆಯುಳ್ಳದ್ದು ಅದೇ. ಯೋಧನಿಗೆ ಜೀವಂತವಿರುವಾಗಲೇ ಜೀವನೋಪಾಯ, ಕಲ್ಲಿಗೆ ನಿತ್ಯದ ಆರೈಕೆ, ತಪ್ಪಿದವನಿಗೆ ಶಾಪ, ಈ ಮೂರನ್ನೂ ಒಂದೇ ಬರಹದಲ್ಲಿ ಹೊಸೆದ ಈ ವ್ಯವಸ್ಥೆಯ ಮುಂದೆ 1816ರ ಸ್ಮಾರಕ ಶ್ರೀಮಂತ ಸಂಬಂಧಿಯೊಬ್ಬನ ಒಂಟಿ ಕಾರ್ಯವಾಗಿ ಕಾಣುತ್ತದೆ.

ಬೈಲಿಯ ಸ್ಮಾರಕ ಒಂಟಿಯಾಗಿದ್ದರೆ, ದ್ವೀಪದ ಇನ್ನೊಂದು ಕಡೆ, ಶ್ರೀರಂಗಪಟ್ಟಣದ ಬಸ್ ನಿಲ್ದಾಣಕ್ಕೆ ಹತ್ತಿರವಾಗಿ ಕಾವೇರಿಯ ದಡದಲ್ಲಿರುವ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು 300 ಗೋರಿಗಳಿವೆ. ಗ್ಯಾರಿಸನ್ ಎಂದರೆ ಕೋಟೆಯಲ್ಲಿ ಕಾಯಂ ಆಗಿ ಬಿಟ್ಟ ಕಾವಲು ಸೈನ್ಯ. 1799ರ ಬಳಿಕ ದ್ವೀಪ ಕಂಪನಿಯ ಸ್ವತ್ತಾಗಿ, ಅಲ್ಲಿ ಅದರ ಸೈನ್ಯ ನೆಲೆಸಿತು. ಒಡೆಯರ ವಂಶದ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ತಂದ ಹೊಸ ರಾಜ್ಯ ಮೈಸೂರನ್ನು ರಾಜಧಾನಿ ಮಾಡಿಕೊಂಡಿತು. ಮೈಸೂರು ಮತ್ತೆ ಬೆಳೆದದ್ದೂ, ಮೇಟಗಳ್ಳಿಯಂಥ ಸುತ್ತಣ ಹಳ್ಳಿಗಳು ಕಾಲಕ್ರಮದಲ್ಲಿ ಕೈಗಾರಿಕಾ ಪ್ರದೇಶಗಳಾಗಿ ನಗರದೊಳಗೆ ಸೇರಿದ್ದೂ, ಶ್ರೀರಂಗಪಟ್ಟಣ ಬರಿದಾದದ್ದೂ ಇದೇ ಬದಲಾವಣೆಯ ಫಲಗಳು. ದ್ವೀಪದಲ್ಲಿ ಉಳಿದ ಯುರೋಪಿಯನ್ನರಿಗೆ ಶತ್ರುವಾದದ್ದು ಕತ್ತಿಯಲ್ಲ, ಜ್ವರ. ನದಿಯ ಎರಡು ಕವಲುಗಳ ನಡುವಿನ ತೇವ, ನಾಲೆಗಳು, ಹಳೆಯ ಕಂದಕಗಳು ಸೊಳ್ಳೆಗಳಿಗೆ ನೆಲೆಯಾಗಿದ್ದವು; ಜ್ವರಕ್ಕೆ ಸೊಳ್ಳೆಯೇ ಕಾರಣವೆಂಬುದು ಆ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ. ಕೊನೆಗೆ 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಸ್ಥಾಪನೆಯಾಗಿ ಸೈನ್ಯ ಅಲ್ಲಿಗೆ ಹೋಯಿತು. ಸ್ಮಶಾನದಲ್ಲಿ ಅಧಿಕಾರಿಗಳ ಗೋರಿಗಳ ಜೊತೆ ಅವರ ಹೆಂಡಿರು ಮಕ್ಕಳ ಗೋರಿಗಳೂ ಬಹಳವಾಗಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಯುದ್ಧದ ಸ್ಮಶಾನವೆಂದು ಕರೆಯಲಾಗುವ ಈ ತಾಣ ನಿಜದಲ್ಲಿ ಯುದ್ಧ ಮುಗಿದ ಮೇಲಿನ ಬದುಕಿನ ಸ್ಮಶಾನ.

ಅಲ್ಲಿರುವ ಹಲವು ಗೋರಿಗಳು ಇಂಗ್ಲಿಷರವಲ್ಲದೆ ಡಿ ಮ್ಯೂರಾನ್ ರೆಜಿಮೆಂಟಿನವರವು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಪ್ರಾಂತದ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ ಎಂಬವನು 1781ರಲ್ಲಿ ಡಚ್ ಕಂಪನಿಗಾಗಿ ಈ ಬಾಡಿಗೆ ಪಡೆಯನ್ನು ಕಟ್ಟಿದನು. ಕೇಪ್ ಮತ್ತು ಸಿಂಹಳದಲ್ಲಿ ಡಚ್ಚರ ಕಾವಲಿಗಿದ್ದ ಅದು 1795ರಲ್ಲಿ ಬ್ರಿಟಿಷರ ಕಡೆಗೆ ಬಂದು, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಾದಿ, 1806ರಲ್ಲಿ ಭಾರತವನ್ನು ಬಿಟ್ಟಿತು. ಮುಂದೆ ಕೆನಡಾದವರೆಗೂ ಹೋಗಿ 1816ರಲ್ಲಿ ವಿಸರ್ಜನೆಗೊಂಡಿತು. ಕಾವೇರಿಯ ದಡದಲ್ಲಿ ಅದರ ಅಧಿಕಾರಿಗಳಿಗೆ ಇಟ್ಟಿಗೆ ಗಾರೆಯಿಂದ ಗೋಪುರದಂತೆಯೂ ಮಂಟಪದಂತೆಯೂ ಕಟ್ಟಿದ ಗೋರಿಗಳು ಬಹುಕಾಲ ಪಾಳುಬಿದ್ದಿದ್ದವು. ಗಾರೆ ಉದುರಿದ ಸಂದಿಯಲ್ಲಿ ಅರಳಿ, ಆಲದ ಬೀಜ ಮೊಳೆತರೆ ಬೇರು ಇಟ್ಟಿಗೆಗಳನ್ನು ಬಿಡಿಸುತ್ತದೆ. ಬರಹವುಳ್ಳ ಫಲಕ ಕಳಚಿ ಬಿದ್ದ ಮೇಲೆ ಗೋರಿ ಯಾರದೆಂದು ಹೇಳುವ ಬೇರೆ ಗುರುತು ಉಳಿಯುವುದಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಡಿ ಮ್ಯೂರಾನ್ ವಂಶದವರೇ ಮುಂದೆ ಬಂದು ಸ್ಮಶಾನದ ದುರಸ್ತಿ ಮಾಡಿಸಿದರು. ಬೈಲಿಯ ಸ್ಮಾರಕವನ್ನು ಎಬ್ಬಿಸಿದ್ದು ಹೇಗೆ ಕುಟುಂಬದ ಅಭಿಮಾನವೋ, ಎರಡು ಶತಮಾನಗಳ ಬಳಿಕ ಈ ಗೋರಿಗಳನ್ನು ಉಳಿಸಿದ್ದೂ ಅದೇ.

ಕುಟುಂಬವಲ್ಲದೆ ರಾಜ್ಯವೇ ಮುಂದಾಗಿ ನಿಲ್ಲಿಸಿದ ಸ್ಮಾರಕಗಳೂ ಸುತ್ತಮುತ್ತ ಇವೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು 1804ರಲ್ಲಿ ತೀರಿಕೊಂಡ ಜೋಸಯಾ ವೆಬ್‌ನ ನೆನಪಿಗೆ ಶ್ರೀರಂಗಪಟ್ಟಣದ ಉತ್ತರಕ್ಕೆ ಎತ್ತರವಾದ ಕಲ್ಲಿನ ಕಂಬವನ್ನು ನಿಲ್ಲಿಸಿದವನು ದಿವಾನ್ ಪೂರ್ಣಯ್ಯ. ಹೈದರ್ ಮತ್ತು ಟಿಪ್ಪು ಇಬ್ಬರ ಖಜಾನೆಯನ್ನೂ ನೋಡಿಕೊಂಡು, ಹೈದರ್ ಸತ್ತ ಸುದ್ದಿ ಟಿಪ್ಪು ಬರುವವರೆಗೆ ಹೊರಬೀಳದಂತೆ ಕಾದವರಲ್ಲಿ ಒಬ್ಬನಾಗಿದ್ದ ಪೂರ್ಣಯ್ಯ, ಹೊಸ ಒಡೆತನದಲ್ಲಿ ಕಂಪನಿಯ ಅಧಿಕಾರಿಗೆ ಸ್ಮಾರಕ ಕಟ್ಟಿಸಿದ್ದನ್ನು ಅವಕಾಶವಾದವೆಂದು ತಳ್ಳಿಹಾಕುವುದು ಸುಲಭ. ಆದರೆ ಎಳೆಯ ಅರಸನ ಹೆಸರಿನಲ್ಲಿ ರಾಜ್ಯವನ್ನು ಉಳಿಸಿಕೊಳ್ಳಬೇಕಾಗಿದ್ದ ಆಡಳಿತಗಾರನಿಗೆ ಸ್ಮಾರಕವೂ ರಾಜನೀತಿಯ ಒಂದು ಸಾಧನವಾಗಿತ್ತೆಂದು ತಿಳಿಯುವುದು ನ್ಯಾಯವಾದುದು. ಒಂದು ನೂರು ವರ್ಷಗಳ ಬಳಿಕ, 1907ರಲ್ಲಿ, ನಾಲ್ವಡಿ ಕೃಷ್ಣರಾಜರ ಕಾಲದ ಮೈಸೂರು ಸರ್ಕಾರ ಕೋಟೆಯ ಬಿರುಕಿನ ಬಳಿ ಇನ್ನೊಂದು ಸ್ತಂಭವನ್ನು ನಿಲ್ಲಿಸಿ, 1799ರ ದಾಳಿಯಲ್ಲಿ ಬಿದ್ದ ಕಂಪನಿ ಪಕ್ಷದ ಅಧಿಕಾರಿಗಳನ್ನು ಅದರಲ್ಲಿ ಸ್ಮರಿಸಿತು. ಕೋಟೆಯನ್ನು ಕಾಯುತ್ತ ಅದೇ ಬಿರುಕಿನ ಒಳಬದಿಯಲ್ಲಿ ಸತ್ತವರು ಮೈಸೂರಿನವರೇ ಆಗಿದ್ದರು.

ಮೈಸೂರಿನ ಸೈನಿಕರಿಗೆ ಆಧುನಿಕ ಬಗೆಯ ಸ್ಮಾರಕ ದೊರೆತದ್ದು ಇನ್ನೂ ತಡವಾಗಿ, ಅದೂ ಸ್ವಂತ ನೆಲದ ಯುದ್ಧಕ್ಕಾಗಿ ಅಲ್ಲ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಬಂದರನ್ನು ತುರ್ಕರಿಂದ ಗೆದ್ದ ಜೋಧಪುರ ಮತ್ತು ಮೈಸೂರು ಲ್ಯಾನ್ಸರುಗಳ, ಎಂದರೆ ಭರ್ಜಿ ಹಿಡಿದ ಕುದುರೆ ಸವಾರರ, ಸಾಹಸಕ್ಕೆ ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿಯೂ ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಸ್ತಂಭದಲ್ಲಿಯೂ ಸ್ಥಾನ ದೊರೆತಿದೆ. ಬೆಂಗಳೂರಿನಲ್ಲಿಯೇ, 1791ರ ಮುತ್ತಿಗೆಯಲ್ಲಿ ಸತ್ತ ಕಂಪನಿ ಸೈನಿಕರಿಗಾಗಿ ಎದ್ದಿದ್ದ ಸ್ಮಾರಕವನ್ನು 1964ರಲ್ಲಿ ಕೆಡವಲಾಯಿತು. ಪರಕೀಯರ ಆಳ್ವಿಕೆಯ ಗುರುತೆಂಬ ಸಿಟ್ಟಿಗೆ ಅದು ಬಲಿಯಾದದ್ದು ಅರ್ಥವಾಗುವಂಥದೇ. ಆದರೆ ಕಲ್ಲು ಹೋದ ಮೇಲೆ ಅದರ ಮೇಲಿದ್ದ ಹೆಸರುಗಳ ಜೊತೆ, ಯಾರ ಹೆಸರನ್ನು ಬಿಡಲಾಗಿತ್ತು ಎಂಬ ಸಾಕ್ಷ್ಯವೂ ಹೋಗುತ್ತದೆ. ಗಂಜಾಮಿನ ಸ್ಮಾರಕ ಉಳಿದಿರುವುದರಿಂದಲೇ ಅದರ ಬರಹವನ್ನು ದರಿಯಾ ದೌಲತ್ತಿನ ಗೋಡೆಗೆ ಹೋಲಿಸಿ ಓದಲು ಸಾಧ್ಯವಾಗಿದೆ.

ಬಿ.ಎಲ್. ರೈಸ್ ಮೈಸೂರು ಜಿಲ್ಲೆಯ ಹಳ್ಳಿಹಳ್ಳಿಯ ಶಾಸನಗಳನ್ನು ಓದಿಸಿ 1890ರ ದಶಕದಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಅಚ್ಚುಹಾಕಿಸಿದ್ದರಿಂದ, ಆ ಬಳಿಕ ಮೈಸೂರು ವಿಶ್ವವಿದ್ಯಾಲಯ ಅವುಗಳನ್ನು ಪರಿಷ್ಕರಿಸಿ ಕನ್ನಡ ಲಿಪಿಯಲ್ಲಿ ಹೊರತಂದದ್ದರಿಂದ, ವೀರಗಲ್ಲುಗಳ ಪಾಠಗಳು ಕಲ್ಲು ಸವೆದರೂ ಉಳಿದಿವೆ. ಶ್ರೀರಂಗಪಟ್ಟಣದ ಇಂಗ್ಲಿಷ್ ಗೋರಿ ಬರಹಗಳಿಗೂ ಕನ್ನಡದಲ್ಲಿ ಅಂಥದೇ ಸಂಪುಟ ಸಲ್ಲಬೇಕು; ಅವು ಆಳಿದವರ ಬರಹಗಳೆಂಬ ಕಾರಣಕ್ಕೆ ಮೈಸೂರಿನ ಇತಿಹಾಸದಿಂದ ಹೊರಗಲ್ಲ. ಪೊಲ್ಲಿಲೂರಿನಲ್ಲಿ ಬೈಲಿಯೊಡನೆ ನಿಂತ ಸಿಪಾಯಿಗಳ ವಿಷಯದಲ್ಲಿಯಾದರೋ ಕಲ್ಲಿನಿಂದ ನೆರವಿಲ್ಲ; ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿಯೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಇರುವ ಮದ್ರಾಸ್ ಸೇನೆಯ ಕಾಗದಪತ್ರಗಳಲ್ಲಿಯೇ ಅವರನ್ನು ಹುಡುಕಬೇಕಾಗಿದೆ.